ವಾಪಸು ಕೊಡದ ಪಂದ್ಯ

"ಗುರುಗಳೇ, ನನ್ನ ಮೊಣಕಾಲು ಸವೆಯುತ್ತಿದೆಯಂತೆ. ಹೀಗೇ ಆಡಿದರೆ ನಲವತ್ತಕ್ಕೇ ಕುಂಟುತ್ತೀಯ ಎಂದು ವೈದ್ಯರು ಹೇಳಿದರು. ಫುಟ್‌ಬಾಲ್ ಬಿಡಲೋ, ಆಡಲೋ?" ಎಂದು ಶಿಷ್ಯ ಕೇಳಿದ.

ಗುರು ಅವನ ಊದಿದ ಮೊಣಕಾಲನ್ನು ಒಮ್ಮೆ ನೋಡಿ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಜವಳಿ ವ್ಯಾಪಾರಿ. ಅವನ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಕೊಂಡ ಸೀರೆಯ ಬಗ್ಗೆ ಯಾರಾದರೂ ಗೊಣಗುತ್ತ ಬಂದರೆ ಅವನು ವಾದಕ್ಕೆ ಇಳಿಯುತ್ತಿರಲಿಲ್ಲ. "ಇಟ್ಟು ಹೋಗಿ ತಾಯಿ, ಕೊಟ್ಟ ದುಡ್ಡು ವಾಪಸು ತಗೊಳ್ಳಿ" ಎನ್ನುತ್ತಿದ್ದ. ನಿಜವಾಗಿ ಬೇಡವಾದವರು ಇಟ್ಟು ಹೋಗುತ್ತಿದ್ದರು. ಉಳಿದವರು ಸೀರೆಯನ್ನು ಕಂಕುಳಿಗೆ ಸೇರಿಸಿಕೊಂಡು, ಬೈಯುತ್ತಲೇ ಮನೆಗೆ ನಡೆಯುತ್ತಿದ್ದರು. ಗೊಣಗಾಟ ಬೇರೆ, ಪಶ್ಚಾತ್ತಾಪ ಬೇರೆ ಎಂಬುದನ್ನು ವ್ಯಾಪಾರಿ ಗದ್ದಿಗೆಯ ಮೇಲೆ ಕೂತೇ ಕಲಿತಿದ್ದ.

ಅವನಿಗೆ ಒಬ್ಬಳೇ ಮಗಳು. ಫುಟ್‌ಬಾಲ್ ಆಡುತ್ತಿದ್ದಳು. ದೊಡ್ಡ ತಂಡವೊಂದು ಅವಳನ್ನು ಕರೆಯಿತು. ಮರುದಿನದೊಳಗೆ ಅಪ್ಪ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು. ಅವನ ಮನಸ್ಸು ಊಹೂಂ ಕಡೆಗೇ ಇತ್ತು. ಆದರೆ ಮಗಳು ಬರೀ ಮಾತಿಗೆ ಬಗ್ಗುವವಳಲ್ಲ, ಸಾಕ್ಷಿ ಬೇಕು. ಪಕ್ಕದ ಬೀದಿಯಲ್ಲಿ ಒಬ್ಬ ಹಳೆಯ ಆಟಗಾರನಿದ್ದ. ಬೇಡ ಎಂಬ ಮಾತನ್ನು ಅವನ ಬಾಯಿಂದಲೇ ಹೊರಡಿಸೋಣ ಎಂದು ವ್ಯಾಪಾರಿ ಮಗಳನ್ನು ಕರೆದುಕೊಂಡು ಹೋದ.

ಆಟಗಾರ ಗೋಡೆ ಹಿಡಿದು ಬಂದು ಬಾಗಿಲು ತೆರೆದ. ಬಲ ಮೊಣಕಾಲು ಮಡಚುತ್ತಿರಲಿಲ್ಲ. ಕತ್ತು ತಿರುಗಿಸಬೇಕಾದರೆ ಇಡೀ ಮೈಯೇ ತಿರುಗಬೇಕಿತ್ತು. ಹೇಗಿದ್ದೀಯ ಎಂದು ಕೇಳಿದ್ದೇ ತಡ, ಶುರುವಾಯಿತು.

"ಹೇಗಿರೋದು ಸೆಟ್ರೇ? ಮೆಟ್ಟಿಲು ಇಳಿಯೋದು ಏಡಿ ಥರ, ಪಕ್ಕಕ್ಕೆ. ಚಳಿ ಬಂತು ಅಂದರೆ ನನಗಿಂತ ಮೊದಲು ನನ್ನ ಕಣಕಾಲು ಏಳುತ್ತೆ. ನೆಲದ ಮೇಲೆ ಕೂತು ಉಂಡು ಎಷ್ಟು ವರ್ಷ ಆಯ್ತೋ!"

ವ್ಯಾಪಾರಿ ಕೇಳಿದೆಯಾ ಎಂಬಂತೆ ಮಗಳ ಕಡೆ ನೋಡಿದ. ಕೊನೆಯ ಮೊಳೆ ಹೊಡೆದುಬಿಡೋಣ ಎಂದು ಅಂಗಡಿಯ ಮಾತನ್ನೇ ತೆಗೆದ.

"ಹಾಗಾದರೆ ವಾಪಸು ಕೊಟ್ಟುಬಿಡಪ್ಪ. ಹೊಸ ಮೊಣಕಾಲು, ಹೊಸ ಕತ್ತು ನಾನು ಕೊಡ್ತೀನಿ ಅಂತ ಇಟ್ಕೋ. ನೀನು ಆಡಿದ ಪಂದ್ಯಗಳನ್ನೆಲ್ಲ ಇಲ್ಲಿ ಇಡು."

"ಎಲ್ಲಾನೂ?" ಆಟಗಾರ ಯೋಚನೆಗೆ ಬಿದ್ದ. "ಫೈನಲ್ ಗೆದ್ದದ್ದು ಇಡಕ್ಕಾಗಲ್ಲ. ಕೆಸರಲ್ಲಿ ಆಡಿದ್ದು... ಅದೂ ಆಗಲ್ಲ. ಏಳು ಗೋಲಿಗೆ ಸೋತದ್ದು ಒಂದಿದೆ, ತಗೊಂಡು ಹೋಗಿ."

"ಸರಿ, ಅದರಿಂದಲೇ ಶುರು ಮಾಡೋಣ."

"ತಡೀರಿ, ತಡೀರಿ! ಅವತ್ತು ಏಳನೇದು ಒಳಗೆ ಹೋದ ಮೇಲೂ ನಮ್ಮ ಗೋಲ್‌ಕೀಪರ್ ರಾಯಪ್ಪ, 'ಈಗ ಹೊಡೀರಿ ನೋಡೋಣ' ಅಂತ ತೊಡೆ ತಟ್ಟಿದ. ಸೋತವರು ನಾವು, ಮೈದಾನದಲ್ಲೇ ಬಿದ್ದು ಬಿದ್ದು ನಕ್ಕೆವು. ಅದೂ ಇರಲಿ ಸೆಟ್ರೇ. ನಿಮ್ಮ ಮೊಣಕಾಲು ನೀವೇ ಇಟ್ಕೊಳ್ಳಿ."

ಮಗಳು ನಕ್ಕಳು. ವ್ಯಾಪಾರಿ ನಗಲಿಲ್ಲ. ಏಳಲು ಹೋದಾಗ ಅವನ ಮೊಣಕಾಲೂ ಲಟಕ್ಕೆಂದಿತು. ಪ್ರಾಯದಿಂದಲೂ ಗದ್ದಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಕಾಲು ಅದು, ಓಡದೆಯೇ ಸವೆದಿತ್ತು.

ದಾರಿಯಲ್ಲಿ ಅವನು ಅದೇ ಮಾತನ್ನು ತನಗೆ ತಾನೇ ಹೇಳಿಕೊಂಡ. ಗಟ್ಟಿ ಮೊಣಕಾಲು ಕೊಡುತ್ತೇನೆ, ಅಂಗಡಿಯಲ್ಲಿ ಕೂತ ವರ್ಷಗಳನ್ನು ಇಡು. ಒಂದೊಂದಾಗಿ ಇಡುತ್ತ ಹೋದ. ಮಗಳು ಹುಟ್ಟಿದ ವರ್ಷ ಬಂದಾಗ ಮಾತ್ರ ಅವನ ಕೈ ತಡೆಯಿತು. ಮಿಕ್ಕ ಯಾವುದಕ್ಕೂ ಅವನು ಚೌಕಾಸಿ ಮಾಡಲಿಲ್ಲ.

ಮನೆ ಬಾಗಿಲಲ್ಲಿ ಮಗಳಿಗೆ, "ಹೋಗು. ಆದರೆ ನಾಳೆ ಕಾಲು ನೋವು ಅಂತ ನನ್ನ ಹತ್ತಿರ ಬಂದು ಗೊಣಗಬೇಡ" ಎಂದ.

"ಗೊಣಗೇ ಗೊಣಗ್ತೀನಪ್ಪ" ಎಂದಳು ಮಗಳು.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು.

"ಆಮೇಲೆ ಅವಳ ಕಾಲು ಏನಾಯಿತು?" ಎಂದು ಶಿಷ್ಯ ಅವಸರದಿಂದ ಕೇಳಿದ.

"ಸವೆಯಿತು" ಎಂದರು ಗುರು. ಅಂಗೈ ಚಾಚಿ ಅವನ ಮುಂದೆ ಹಿಡಿದರು. "ಈಗ ನಿನಗೆ ಬೇಡವಾದ ಪಂದ್ಯ ಯಾವುದು, ಇಲ್ಲಿ ಇಡು."

ಆ ಅಂಗೈ ಬಹಳ ಹೊತ್ತು ಖಾಲಿಯಾಗಿಯೇ ಇತ್ತು.