ಪೊದೆಯಾಚೆಯಿಂದ ಮಾತಾಡಿದ ನವಣಿ

ಕಲ್ಲುಗುಡ್ಡದ ಬುಡದಲ್ಲಿ ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಸಣ್ಣ ಹಳ್ಳ. ಹಳ್ಳದ ಈಚೆ ದಡದಲ್ಲಿ, ಇಲಿ ಕೂಡ ನುಸುಳುವ ಮೊದಲು ಯೋಚಿಸಬೇಕಾದಂಥ ದಟ್ಟ ಮುಳ್ಳುಪೊದೆ. ಅದರೊಳಗೆ ಹರಟೆಮಲ್ಲ ಹಕ್ಕಿಗಳ ಒಂದು ಬಳಗ ವಾಸವಾಗಿತ್ತು.

ಹರಟೆಮಲ್ಲವನ್ನು ನೀವು ನೋಡಿರುತ್ತೀರಿ, ಮಕ್ಕಳೇ. ಮಣ್ಣು ಬಣ್ಣದ ಮೈ, ಹಳದಿ ಕೊಕ್ಕು, ಯಾವಾಗಲೂ ಯಾರ ಮೇಲೋ ಸಿಟ್ಟಾದಂತೆ ಕಾಣುವ ಬೆಳ್ಳನೆಯ ಕಣ್ಣು. ಒಂಟಿಯಾಗಿರಲು ಅದಕ್ಕೆ ಬರುವುದೇ ಇಲ್ಲ. ತಿನ್ನುವುದು, ಮೀಯುವುದು, ಜಗಳವಾಡುವುದು ಎಲ್ಲ ಗುಂಪಿನಲ್ಲೇ. ಬೆಳಗಿನಿಂದ ಸಂಜೆವರೆಗೆ ಮಾತು, ಮಾತು, ಮಾತು. ಅದಕ್ಕೇ ಆ ಹೆಸರು.

ಆದರೆ ಈ ಬಳಗ ಹೊರಗಿನವರ ಜೊತೆ ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಒಂದಾನೊಂದು ಬೇಸಗೆಯಲ್ಲಿ ಹದ್ದೊಂದು ಬಳಗದ ಮೇಲೆರಗಿತ್ತು. ಆಗ ದೊಡ್ಡಯ್ಯ ಎಂಬ ಹಿರಿಯ ಹಕ್ಕಿ, "ನನ್ನ ಹಿಂದೆ ಬನ್ನಿ!" ಎಂದು ಕೂಗಿ ಎಲ್ಲರನ್ನೂ ಈ ಪೊದೆಯೊಳಗೆ ನುಗ್ಗಿಸಿದ. ಎಲ್ಲರೂ ಬದುಕಿದರು. ಇದು ನಿಜವಾದ ಉಪಕಾರವೇ. ಅಲ್ಲಿಗೇ ಮುಗಿದಿದ್ದರೆ ದೊಡ್ಡಯ್ಯನನ್ನು ಇಂದಿಗೂ ನಾವು ಹೊಗಳುತ್ತಿದ್ದೆವು.

ಮುಗಿಯಲಿಲ್ಲ. ಹದ್ದು ಹೋದ ಮೇಲೆ ಹಕ್ಕಿಗಳು ಹೊರಗೆ ಹೊರಟಾಗ ದೊಡ್ಡಯ್ಯ ಅಡ್ಡ ನಿಂತ.

"ಪೊದೆತಾಯಿ ನನ್ನ ಕಿವಿಯಲ್ಲಿ ಮಾತಾಡಿದಳು," ಎಂದ. "ನನ್ನ ಮಡಿಲಲ್ಲಿ ಇದ್ದವರನ್ನು ಕಾಯುತ್ತೇನೆ, ಬಿಟ್ಟು ಹೋದವರನ್ನು ಬಯಲ ಬಿಸಿಲು ಸುಟ್ಟು ಬೂದಿ ಮಾಡುತ್ತದೆ ಎಂದಳು."

ಹೆದರಿದ್ದ ಹಕ್ಕಿಗಳು ನಂಬಿದವು. ಆಮೇಲೆ ಪೊದೆತಾಯಿ ಆಗಾಗ ಮಾತಾಡತೊಡಗಿದಳು. ಮಾತಾಡುತ್ತಿದ್ದುದು ದೊಡ್ಡಯ್ಯನ ಕಿವಿಯಲ್ಲಿ ಮಾತ್ರ. ಸಿಕ್ಕಿದ ಹುಳುವಿನಲ್ಲಿ ಕೊಬ್ಬಿದ್ದನ್ನು ಮೊದಲು ದೊಡ್ಡಯ್ಯನಿಗೆ ಕೊಡಬೇಕೆಂದಳು. ಯಾರ ಪಕ್ಕ ಯಾರು ಕೂರಬೇಕೆಂಬುದನ್ನು ದೊಡ್ಡಯ್ಯನೇ ಹೇಳಬೇಕೆಂದಳು. ಅಕ್ಕ ತಪ್ಪು ಮಾಡಿದರೆ ತಂಗಿ ಬಂದು ಹೇಳಬೇಕು, ತಾಯಿ ತಪ್ಪು ಮಾಡಿದರೆ ಮಗಳು ಬಂದು ಹೇಳಬೇಕು ಎಂದಳು.

ಸಜ್ಜವ್ವ ಎಂಬ ಹಕ್ಕಿ ಒಂದು ಬೆಳಿಗ್ಗೆ ಪೊದೆಯಲ್ಲಿ ಕಾಣಲಿಲ್ಲ. "ಆಚೆ ಹೋದಳು, ಸುಟ್ಟುಹೋದಳು," ಎಂದ ದೊಡ್ಡಯ್ಯ. "ಇನ್ನು ಮೇಲೆ ಅವಳ ಹೆಸರು ಯಾರ ಬಾಯಲ್ಲೂ ಬರಕೂಡದು."

ಸಜ್ಜವ್ವನ ಅಕ್ಕ ಅಂದು ಏನೂ ತಿನ್ನಲಿಲ್ಲ. ಆ ಅಕ್ಕನ ಹಿರಿಮಗಳೇ ನಮ್ಮ ನವಣಿ.

ನವಣಿಗೆ ಪೊದೆಯೆಂದರೆ ಪ್ರಾಣ. ಅವಳು ಅಲ್ಲೇ ಮೊಟ್ಟೆಯೊಡೆದು ಬಂದವಳು. ಸಂಜೆಯಾದರೆ ಎಲ್ಲರೂ ಒಂದೇ ಕೊಂಬೆಯ ಮೇಲೆ ರೆಕ್ಕೆಗೆ ರೆಕ್ಕೆ ಒತ್ತಿ ಸಾಲಾಗಿ ಕೂತು ಹಾಡುತ್ತಿದ್ದರು. ಒಂದು ಪಕ್ಕದಲ್ಲಿ ಅವ್ವನ ಬಿಸಿ, ಇನ್ನೊಂದು ಪಕ್ಕದಲ್ಲಿ ತಂಗಿ ಎಳ್ಳಿಯ ಬಿಸಿ. ಹಾಡುತ್ತಾ ಹಾಡುತ್ತಾ ತನ್ನ ದನಿ ಯಾವುದು, ಅವ್ವನ ದನಿ ಯಾವುದು ಎಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಲೋಕದಲ್ಲಿ ಇದಕ್ಕಿಂತ ಸುಖವಿದೆ ಎಂದು ಯಾರಾದರೂ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ.

ಒಂದು ದಿನ ನವಣಿ ಪೊದೆಯ ಅಂಚಿನಲ್ಲಿ ತರಗೆಲೆ ಕೆದಕುತ್ತಿದ್ದಳು. ಮುಳ್ಳಿನಾಚೆ ಒಂದು ಅಳಿಲು ಬಂದು ನಿಂತಿತು.

"ನೀನು ಸಜ್ಜವ್ವನ ಕಡೆಯವಳಲ್ಲವೇ? ಅದೇ ಮೂತಿ," ಎಂದಿತು ಅಳಿಲು. "ನಿನ್ನೆ ಅತ್ತಿಮರದಲ್ಲಿ ನಾವಿಬ್ಬರೂ ಕೂತು ಹಣ್ಣು ತಿಂದೆವು. ಒಳ್ಳೆ ಮಾತುಗಾತಿ!"

ನವಣಿಯ ಕೊಕ್ಕಿನಲ್ಲಿದ್ದ ಹುಳು ಕೆಳಗೆ ಬಿತ್ತು. ಆ ಸಂಜೆ ಎಲ್ಲರೂ ಸಾಲಾಗಿ ಕೂತಾಗ ಅವಳು ಕೇಳಿಯೇಬಿಟ್ಟಳು.

"ದೊಡ್ಡಯ್ಯಾ, ಚಿಕ್ಕವ್ವ ಸತ್ತಿಲ್ಲವಂತೆ. ಅತ್ತಿಮರದಲ್ಲಿ ಇದ್ದಾಳಂತೆ. ಹೌದೇ?"

ದೊಡ್ಡಯ್ಯ ಅವಳನ್ನು ಬೈಯಲಿಲ್ಲ. ಮೆಲ್ಲಗೆ ಹೇಳಿದ: "ಹೊರಗಿನ ಗಾಳಿ ಈ ಹುಡುಗಿಗೆ ತಾಗಿದೆ. ಇವಳ ಮೈ ಯಾರೂ ಮುಟ್ಟಬೇಡಿ."

ಮೊದಲು ಸಾಲಿನ ತುದಿಯವರು ಸರಿದರು. ಆಮೇಲೆ ಎಳ್ಳಿ ಸರಿದಳು. ಕೊನೆಗೆ ಅವ್ವ, ನವಣಿಯ ಕಡೆ ನೋಡದೆ, ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ ಸರಿದಳು. ಅವ್ವ ಇದ್ದ ಜಾಗದಲ್ಲಿ ತಣ್ಣನೆ ಗಾಳಿ ಬಂದು ಕೂತಿತು.

ಎಷ್ಟೋ ದಿನ ಹೀಗೇ ಕಳೆಯಿತು. ಯಾರೂ ಅವಳ ಗರಿ ನೇವರಿಸಲಿಲ್ಲ, ಕರೆದರೆ ಓಗೊಡಲಿಲ್ಲ. ಒಳಗಿದ್ದೇ ಹೊರಗಿನವಳಾದ ಮೇಲೆ ಇನ್ನೇನು? ಒಂದು ಬೆಳಿಗ್ಗೆ ನವಣಿ ತಂಗಿಯ ಬಳಿ ಹೋಗಿ, "ಎಳ್ಳಿ, ಬರುತ್ತೀಯಾ?" ಎಂದಳು. ಎಳ್ಳಿ ತಲೆ ತಗ್ಗಿಸಿದಳು. ನವಣಿ ಮುಳ್ಳಿನ ನಡುವೆ ನುಸುಳಿ, ಎರಡು ಗರಿ ಅಲ್ಲೇ ಬಿಟ್ಟು, ಹೊರಗೆ ಬಂದಳು.

ಬಿಸಿಲು ಬಿತ್ತು. ಅವಳು ಕಣ್ಣು ಮುಚ್ಚಿ ಸುಡುವುದನ್ನೇ ಕಾದಳು. ಸುಡಲಿಲ್ಲ. ಬೆನ್ನು ಸ್ವಲ್ಪ ಬೆಚ್ಚಗಾಯಿತು, ಅಷ್ಟೇ.

ಹಳ್ಳದಾಚೆಯ ಅತ್ತಿಮರದಲ್ಲಿ ಸಜ್ಜವ್ವ ಇದ್ದಳು. ನವಣಿಯನ್ನು ಕಂಡದ್ದೇ ಹಾರಿಬಂದು, ಅವಳ ಕತ್ತಿನ ಗರಿಯನ್ನು ಕೊಕ್ಕಿನಿಂದ ಬಿಡಿಸತೊಡಗಿದಳು. ಯಾರೋ ಮೈ ಮುಟ್ಟಿದರಲ್ಲ ಎಂದು ನವಣಿಗೆ ಅಳು ತಡೆಯಲಾಗಲಿಲ್ಲ.

"ಬದುಕಿದ್ದೀಯಲ್ಲ ಚಿಕ್ಕವ್ವಾ! ಒಂದು ಸಲ ಬಂದು ಹೇಳಬಾರದಿತ್ತೇ?" ಎಂದಳು.

"ಎಷ್ಟೋ ಸಲ ಪೊದೆಯವರೆಗೂ ಬಂದೆ ಕಣೇ," ಎಂದಳು ಸಜ್ಜವ್ವ. "ನಿಮ್ಮವ್ವ ನನ್ನ ನೋಡಿ ಬೆನ್ನು ತಿರುಗಿಸಿಬಿಟ್ಟರೆ? ಆ ಭಯಕ್ಕೆ ಬಾಯಿ ಏಳಲಿಲ್ಲ. ಹಾಗೇ ವಾಪಸು ಬಂದೆ."

ಅತ್ತಿಮರದಲ್ಲಿ ಹಣ್ಣಿತ್ತು, ಹುಳುವಿತ್ತು, ಅಳಿಲಿನ ಹರಟೆಯಿತ್ತು. ತಿನ್ನುವ ಮೊದಲು ಯಾರಿಗೂ ಕೊಡಬೇಕಾಗಿರಲಿಲ್ಲ. ಆದರೂ ಸಂಜೆಯಾದರೆ ನವಣಿ ಕೊಂಬೆಯ ನಡುಭಾಗದಲ್ಲಿ ಕೂರುತ್ತಿರಲಿಲ್ಲ. ಎರಡೂ ಪಕ್ಕ ಖಾಲಿಯಿರುವುದು ಗೊತ್ತಾಗದಿರಲೆಂದು ಕಾಂಡಕ್ಕೆ ಮೈ ಒತ್ತಿ ಕೂರುತ್ತಿದ್ದಳು. ಹಳ್ಳದಾಚೆಯ ಪೊದೆಯಿಂದ ಹಾಡು ತೇಲಿ ಬರುತ್ತಿತ್ತು. ಅವಳ ಗಂಟಲು ತಾನಾಗಿಯೇ ಅದರ ಜೊತೆ ಸೇರುತ್ತಿತ್ತು, ಅರ್ಧಕ್ಕೇ ನಿಲ್ಲುತ್ತಿತ್ತು.

"ನನ್ನನ್ನು ಹೊರಗೆ ಹಾಕಿದವರ ಹಾಡಿಗೆ ನಾನು ಹೀಗೆ ಹಾತೊರೆಯುತ್ತೇನಲ್ಲ, ಚಿಕ್ಕವ್ವಾ. ನನಗೆ ನಾಚಿಕೆಯಿಲ್ಲವೇ?"

"ನಾಚಿಕೆ ಯಾಕೆ? ಆ ಹಾಡು ದೊಡ್ಡಯ್ಯನದಲ್ಲ," ಎಂದಳು ಸಜ್ಜವ್ವ. "ನಮ್ಮಜ್ಜಿ ಇದೇ ಮರದಲ್ಲಿ ಹಾಡುತ್ತಿದ್ದಳು. ನಿನಗೆ ಬೇಕೆನಿಸಿದರೆ ಪೂರ್ತಿ ಹಾಡು."

ಅವರಿಬ್ಬರೂ ಪೂರ್ತಿ ಹಾಡಿದರು. ಇಬ್ಬರ ದನಿ ಬಹಳ ತೆಳ್ಳಗಿತ್ತು.

ಕೆಲವು ದಿನಗಳ ಮೇಲೆ ಅಳಿಲು ಸುದ್ದಿ ತಂದಿತು. "ನವಣೀ, ನೀನೂ ಸುಟ್ಟುಹೋದೆಯಂತೆ! ದೊಡ್ಡಯ್ಯ ಎಲ್ಲರಿಗೂ ಹೇಳಿದ್ದಾನೆ. ನಿನ್ನವ್ವ ನೆಲಕ್ಕೇ ಇಳಿಯುತ್ತಿಲ್ಲ, ತುತ್ತೂ ಮುಟ್ಟುತ್ತಿಲ್ಲ."

ನವಣಿ ಎದ್ದು ನಿಂತಳು.

"ಹೋಗಬೇಡ ಕಣೇ," ಎಂದಳು ಸಜ್ಜವ್ವ. "ಅವರು ನಿನ್ನನ್ನೇ ಬೈಯುತ್ತಾರೆ."

"ಬೈಯಲಿ. ನಾನು ಸತ್ತಿದ್ದೇನೆಂದು ಅವ್ವ ಅಳುತ್ತಾ ಕೂರುವುದು ಬೇಡ."

ಪೊದೆಯ ಪಕ್ಕದಲ್ಲೇ ಒಂದು ಹೊಂಗೆಮರವಿತ್ತು. ನವಣಿ ಅದರ ಕೆಳಗಿನ ಕೊಂಬೆಯಲ್ಲಿ ಕೂತು ಗಟ್ಟಿಯಾಗಿ ಹೇಳಿದಳು:

"ಅವ್ವಾ, ಎಳ್ಳೀ, ನಾನು ನವಣಿ! ನಾನು ಸುಟ್ಟುಹೋಗಿಲ್ಲ. ಚಿಕ್ಕವ್ವನೂ ಸುಟ್ಟುಹೋಗಿಲ್ಲ. ಬಿಸಿಲು ಯಾರನ್ನೂ ಸುಡುವುದಿಲ್ಲ. ಹದ್ದು ಬರುತ್ತದೆ, ಅದು ನಿಜ. ಬಂದಾಗ ಒಬ್ಬರಿಗೊಬ್ಬರು ಕೂಗಿ ಹೇಳಿ ಬಚ್ಚಿಟ್ಟುಕೊಳ್ಳುತ್ತೇವೆ. ಪೊದೆತಾಯಿಯ ದನಿ ನಿಮ್ಮಲ್ಲಿ ಯಾರಾದರೂ ಕೇಳಿದ್ದೀರಾ? ನಾನಂತೂ ಕೇಳಿಲ್ಲ!"

ಪೊದೆಯೊಳಗೆ ಗಲಿಬಿಲಿಯಾಯಿತು. "ಕೂಗಿ! ಎಲ್ಲರೂ ಕೂಗಿ! ಆ ದನಿ ಕಿವಿಗೆ ಬೀಳಕೂಡದು!" ಎಂದು ದೊಡ್ಡಯ್ಯ ಅಬ್ಬರಿಸಿದ. ಎಲ್ಲರೂ ಗಂಟಲು ಹರಿಯುವಂತೆ ಕೂಗಿದರು. ಆ ಗದ್ದಲದಲ್ಲಿ ಅವ್ವನ ದನಿಯೂ ಇತ್ತು. ಎಷ್ಟು ಗದ್ದಲವಿದ್ದರೂ ಆ ದನಿ ನವಣಿಗೆ ಗುರುತು ಹತ್ತಿತು. ಅದು ಮಾತ್ರ ಅವಳ ಎದೆಗೆ ಮುಳ್ಳಿನಂತೆ ನೆಟ್ಟಿತು.

ಮರುದಿನವೂ ಬಂದಳು. ಅದರ ಮರುದಿನವೂ. ಅವರು ಕೂಗುವಾಗ ಸುಮ್ಮನಿದ್ದು, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾತಾಡಿದಳು. ಕೂಗಿ ಕೂಗಿ ಬಳಗದವರ ದನಿಯೇ ಬಿದ್ದುಹೋಯಿತು. ದೊಡ್ಡಯ್ಯನಿಗೆ ದಿಕ್ಕು ತೋಚದಾಯಿತು.

"ಅದು ನವಣಿಯಲ್ಲ!" ಎಂದ. "ಅವಳ ದನಿ ಕದ್ದ ದೆವ್ವ. ದೆವ್ವದ ಕಾಲ್ಬೆರಳು ಹಿಂದಕ್ಕಿರುತ್ತದೆ, ಗೊತ್ತಿಲ್ಲವೇ? ಯಾರೂ ಅದರ ಕಾಲು ನೋಡಬೇಡಿ!"

ನೋಡಬೇಡಿ ಎಂದರೆ ನೋಡದೆ ಇರಲು ಆಗುತ್ತದೆಯೇ, ಮಕ್ಕಳೇ? ಎಳ್ಳಿ ಮುಳ್ಳಿನ ಸಂದಿಯಿಂದ ಮೆಲ್ಲಗೆ ಇಣುಕಿದಳು. ಹೊಂಗೆಯ ಕೊಂಬೆಯ ಮೇಲೆ ಅಕ್ಕನ ಕಾಲು. ಮೂರು ಬೆರಳು ಮುಂದೆ, ಒಂದು ಬೆರಳು ಹಿಂದೆ.

"ಅಯ್ಯೋ, ಒಂದು ಬೆರಳು ಹಿಂದಿದೆ!" ಎಂದು ಬೆಚ್ಚಿದಳು. ಆಮೇಲೆ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಪಕ್ಕದವರ ಕಾಲು ನೋಡಿದಳು.

"ದೊಡ್ಡಯ್ಯಾ," ಎಂದಳು, "ನನಗೂ ಒಂದು ಬೆರಳು ಹಿಂದಿದೆ. ನಿಮಗೂ ಇದೆ. ನಾವೆಲ್ಲ ದೆವ್ವಗಳೇ?"

ಯಾರೋ ಕಿಸಕ್ಕೆಂದರು. ಇನ್ಯಾರೋ ಅದಕ್ಕೆ ಜೊತೆಯಾದರು. ಪೊದೆಯೊಳಗೆ ನಗು ಕೇಳಿ ಎಷ್ಟು ಕಾಲವಾಗಿತ್ತೋ! ದೊಡ್ಡಯ್ಯನಿಗೆ ಎಲ್ಲವನ್ನೂ ಸಹಿಸಲು ಬರುತ್ತಿತ್ತು, ನಗುವೊಂದನ್ನು ಬಿಟ್ಟು. ಸಿಟ್ಟು ನೆತ್ತಿಗೇರಿ, ಮಾತು ಬಾಯಿ ಮೀರಿತು.

"ನಗಿ, ನಗಿ! ಆ ಸಜ್ಜವ್ವನೇ ಇವಳನ್ನು ಕೆಡಿಸಿದ್ದು! ಅತ್ತಿಹಣ್ಣು ತಿಂದು ಹೇಗೆ ಕೊಬ್ಬಿದ್ದಾಳೆ ಎಂದು ನಾನೇ ಕಣ್ಣಾರೆ ನೋಡಿಲ್ಲವೇ?"

ನಗು ನಿಂತುಹೋಯಿತು.

"ಸುಟ್ಟುಹೋದವಳು ಅತ್ತಿಹಣ್ಣು ತಿನ್ನುತ್ತಾಳೆಯೇ?" ಎಂದು ಕೇಳಿದಳು ಎಳ್ಳಿ. "ಅಂದರೆ ನೀವು ಹೊರಗೆ ಹೋಗಿದ್ದಿರಿ. ನಿಮ್ಮನ್ನೂ ಬಿಸಿಲು ಸುಡಲಿಲ್ಲ."

ದೊಡ್ಡಯ್ಯ ಬಾಯಿ ತೆರೆದ. ಪೊದೆತಾಯಿ ಅಂದು ಅವನ ಕಿವಿಯಲ್ಲಿ ಏನನ್ನೂ ಹೇಳಿಕೊಡಲಿಲ್ಲ.

ಎಳ್ಳಿ ಮುಳ್ಳಿನಿಂದ ಹೊರಗೆ ಹಾರಿದಳು. ಅವಳ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಹರಟೆಮಲ್ಲಗಳು ಹಾರುವುದೇ ಹಾಗೆ, ಒಬ್ಬರ ಬೆನ್ನಿಗೆ ಒಬ್ಬರು. ಅರ್ಧಕ್ಕಿಂತ ಹೆಚ್ಚು ಬಳಗ ಹಳ್ಳ ದಾಟಿ ಅತ್ತಿಮರ ಸೇರಿತು. ಕೊಬ್ಬಿದ ಹುಳು ತಂದುಕೊಡುವವರು ಇಲ್ಲದೆ ದೊಡ್ಡಯ್ಯ ತಾನೇ ನೆಲಕ್ಕಿಳಿದು ತರಗೆಲೆ ಕೆದಕಬೇಕಾಯಿತು. ಯಾವ ಎಲೆಯಡಿ ಏನು ಸಿಗುತ್ತದೆಂಬುದೇ ಅವನಿಗೆ ಮರೆತುಹೋಗಿತ್ತು.

ನವಣಿ ಮಾತ್ರ ಹೊಂಗೆಕೊಂಬೆ ಬಿಟ್ಟು ಏಳಲಿಲ್ಲ. ಎಲ್ಲರೂ ಹಾರಿಹೋದ ಮೇಲೂ ಪೊದೆಯ ಕಡೆಗೇ ನೋಡುತ್ತಿದ್ದಳು. ಕೊನೆಗೆ ಮುಳ್ಳಿನ ಹಿಂದೆ ಅವ್ವನ ಮುಖ ಕಂಡಿತು. ಬಹಳ ಸೊರಗಿದ್ದಳು.

"ಬಾ ಅವ್ವಾ. ಚಿಕ್ಕವ್ವ ಕಾಯುತ್ತಿದ್ದಾಳೆ."

"ನೀನು ಬದುಕಿದ್ದೀಯಲ್ಲ, ಅಷ್ಟು ಸಾಕು," ಎಂದಳು ಅವ್ವ. "ನಾನು ಬರಲಾರೆ ಮಗಳೇ. ನಾನು ಹೊರಗೆ ಬಂದರೆ, ಒಂದು ಸುಳ್ಳಿಗಾಗಿ ನಿನ್ನ ಪಕ್ಕದಿಂದ ಸರಿದೆ ಎಂದಾಗುತ್ತದೆ. ಅದನ್ನು ಹೇಗೆ ತಾಳಲಿ?"

ಆ ಮಾತಿಗೆ ನವಣಿಗೆ ಸಿಟ್ಟು ಬರಲಿಲ್ಲ.

ಅತ್ತಿಮರದ ಕೊಂಬೆ ಈಗ ತುಂಬಿತ್ತು. ಎಳ್ಳಿ ಒಂದು ಪಕ್ಕದಲ್ಲಿ ಕೂರುತ್ತಿದ್ದಳು. ಆದರೂ ದಿನಾ ಬೆಳಿಗ್ಗೆ ನವಣಿ ಒಬ್ಬಳೇ ಹೊಂಗೆಮರಕ್ಕೆ ಹೋಗುವುದನ್ನು ಬಿಡಲಿಲ್ಲ. ದೊಡ್ಡಯ್ಯನ ವಿಷಯ ಎತ್ತುತ್ತಿರಲಿಲ್ಲ. ಎಳ್ಳಿ ಗೂಡು ಕಟ್ಟುತ್ತಿರುವುದು, ಅಳಿಲು ಮರದಿಂದ ಜಾರಿ ಬಿದ್ದದ್ದು, ಗೆದ್ದಲು ಎದ್ದದ್ದು, ಇಂಥದ್ದನ್ನೆಲ್ಲ ಪೊದೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. ಒಳಗಿನಿಂದ ಮಾತು ಬರುತ್ತಿರಲಿಲ್ಲ. ಗದ್ದಲವೂ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ, ನವಣಿ ಹೇಳುವುದೆಲ್ಲ ಮುಗಿದು ರೆಕ್ಕೆ ಬಿಚ್ಚುವಷ್ಟರಲ್ಲಿ, ಮುಳ್ಳಿನ ಹಿಂದಿನಿಂದ ದನಿ ಬಂತು.

"ಮಗಳೇ, ಆ ಹಳ್ಳದ ನೀರು ಈಗ ತಣ್ಣಗಿರುತ್ತದಾ?"

ನವಣಿ ರೆಕ್ಕೆ ಮಡಚಿದಳು. ಪೊದೆಯ ಕಡೆ ತಿರುಗಿ ಹೇಳಿದಳು: "ಬೆಳಿಗ್ಗೆ ತಣ್ಣಗಿರುತ್ತೆ ಅವ್ವಾ. ಬಿಸಿಲೇರಿದ ಮೇಲೆ ಬೆಚ್ಚಗಾಗುತ್ತೆ."

"ಹೌದಾ," ಎಂದಳು ಅವ್ವ.

ಬಿಸಿಲೇರುವವರೆಗೆ ನವಣಿ ಅಲ್ಲೇ ಕೂತಿದ್ದಳು.

ನೀತಿ: ಭಯ ಹುಟ್ಟಿಸಿ ಕೂಡಿಹಾಕುವವನ ಸುಳ್ಳು, ಹೊರಬಂದವರು ಬಾಯಿ ಬಿಟ್ಟಾಗ ಬಯಲಾಗುತ್ತದೆ, ಆದರೆ ಒಳಗೆ ಉಳಿದವರನ್ನು ಹೊರಗೆ ತರುವುದು ಬೈಗುಳವಲ್ಲ, ಕಾಯುವ ಪ್ರೀತಿ.