ಮಾತಿನ ಮೊದಲ ತುಂಡು

"ತುಂಡಾದದ್ದು ಹೇಗೆ ಕೆಲಸ ಮಾಡುತ್ತದೆ, ಸರ್?" ಎಂದು ಶಿಷ್ಯ ಇಂದುಧರ ಕೇಳಿದ.

ಮಿದುಳಿಗೆ ನೋವಿನ ಸುದ್ದಿ ಮುಟ್ಟಿಸುವ, ಪುಟ್ಟ ಸರಪಳಿಯಂಥ ಒಂದು ಪೆಪ್ಟೈಡ್‌ನ ಹಿಂದೆ ಅವನು ವರ್ಷಗಟ್ಟಲೆ ಬಿದ್ದಿದ್ದ. ಕಿಣ್ವಗಳು ಅದನ್ನು ಕತ್ತರಿಸುತ್ತವೆ. ಉಳಿದ ಮೊದಲ ತುಂಡು ಜೀವಕೋಶದ ಮೇಲೆ ಅದಕ್ಕಾಗಿಯೇ ಕಾದಿರುವ ಬೇರೊಂದು ಗ್ರಾಹಕವನ್ನು ಸೇರಿ ನೋವನ್ನು ತಗ್ಗಿಸುತ್ತದೆ. ಆ ಗ್ರಾಹಕ ಯಾವುದೆಂದು ಅವನಿಗೆ ಸಿಕ್ಕಿರಲಿಲ್ಲ.

"ಇಡಿಯಾಗಿದ್ದಾಗ ಉರಿಸುತ್ತದೆ, ಮುರಿದ ಮೇಲೆ ತಣಿಸುತ್ತದೆ. ತುಂಡನ್ನು ನೋಡಿ ನೋಡಿ ಸಾಕಾಗಿದೆ" ಎಂದ.

ಗುರುಗಳು ಕನ್ನಡಕ ತೆಗೆದಿಟ್ಟು ಹೇಳತೊಡಗಿದರು.

ಒಬ್ಬ ಗಾಣಿಗನಿದ್ದ. ಮನೆಯವರ ಮಾತು ಮೀರಿ ಮದುವೆಯಾದ ತಂಗಿಯನ್ನು ಅವನು ದೂರ ಮಾಡಿದ್ದ. ತಾಯಿ ತೀರಿಕೊಂಡಳು. ತಂಗಿಯ ಊರಿಗೆ ಹೊರಟಿದ್ದ ಉಪ್ಪು ಮಾರುವವಳ ಬಳಿ ಅವನು ಹೇಳಿ ಕಳಿಸಿದ: "ಅವ್ವ ಕೊನೆಯವರೆಗೂ ನಿನ್ನ ಹೆಸರನ್ನೇ ಕರೆದಳು. ಅವಳನ್ನು ಕೊಂದವಳು ನೀನು. ಇನ್ನು ನನ್ನ ಹೊಸ್ತಿಲು ತುಳಿಯಬೇಡ."

ಉಪ್ಪು ಮಾರುವವಳಿಗೆ ವಯಸ್ಸಾಗಿತ್ತು. ತಲೆಯ ಮೇಲೆ ಮೂಟೆ, ಎದುರಿಗೆ ಬಿಸಿಲು. ದಾರಿಯುದ್ದಕ್ಕೂ ಆ ಮಾತನ್ನು ಹೇಳಿಕೊಳ್ಳುತ್ತಲೇ ನಡೆದಳು. ತಂಗಿಯ ಮನೆ ಮುಟ್ಟಿದಾಗ ಅವಳ ಕಾಲು ನಿಲ್ಲುತ್ತಿರಲಿಲ್ಲ. ಜಗಲಿಯ ಮೇಲೆ ಕುಸಿದು ಮೊದಲ ಮಾತು ಹೇಳಿದಳು. ತಂಗಿ ಚೀರಿದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಅಣ್ಣನ ಮನೆಗೆ ಹೊರಟೇಬಿಟ್ಟಳು. ಉಳಿದದ್ದನ್ನು ಹೇಳಲು ಮುದುಕಿಗೆ ಉಸಿರು ಸಾಲಲಿಲ್ಲ. ಕೂಗಿದಳು, ದನಿ ಹೊರಡಲಿಲ್ಲ. ಮೂಟೆಯನ್ನು ಅಲ್ಲೇ ಬಿಟ್ಟು ಅವಳ ಹಿಂದೆಯೇ ಕಾಲೆಳೆದುಕೊಂಡು ಹೋದಳು.

ಗಾಣಿಗ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತ.

"ನಾನು ಹೇಳಿ ಕಳಿಸಿದ್ದು ಮುಟ್ಟಲಿಲ್ಲವೇ?"

"ಮುಟ್ಟಿತು, ಅಣ್ಣ. ಅವ್ವ ನನ್ನನ್ನು ಕರೆದಳಂತೆ" ಎಂದಳು ತಂಗಿ. "ನಾನು ಅವಳಿಗೆ ಬೇಡವಾಗಿದ್ದೆ ಅಂದುಕೊಂಡೇ ಇಷ್ಟು ವರ್ಷ ಬದುಕಿದೆ."

ಗಾಣಿಗ ಉಪ್ಪು ಮಾರುವವಳ ಕಡೆ ನೋಡಿದ. ಅವಳು ಅಂಗಳದಲ್ಲಿ ಕುಕ್ಕರಿಸಿ ಕೂತಿದ್ದಳು. ಬೈದರೆ ಬೈಸಿಕೊಳ್ಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಅವನ ಕೈ ತಾನಾಗಿಯೇ ಕೆಳಗಿಳಿಯಿತು.

"ಕಾಲು ತೊಳೆದುಕೊಂಡು ಒಳಗೆ ಬಾ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಇಂದುಧರ ಕಾದ. "ಹಾಗಾದರೆ ಆ ತುಂಡಿನಲ್ಲಿ ಅಂಥದ್ದೇನಿತ್ತು, ಸರ್?"

ಗುರುಗಳು ಹೇಳಿದರು: "ನೀನು ಇನ್ನೂ ಬಂದ ಮಾತನ್ನೇ ನೋಡುತ್ತಿದ್ದೀಯ, ಅದಕ್ಕಾಗಿ ಕಾದವಳನ್ನು ನೋಡಲಿಲ್ಲ."