ಚೆನ್ನಿಯ ಕೈ

ಶಸ್ತ್ರವೈದ್ಯಕೀಯ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಪೆಟ್ಟಾದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿದೆ. ಮೂಳೆ ಕೂಡಿದೆ, ಹೊಲಿಗೆ ಒಣಗಿದೆ. ಆದರೂ ಮಗು ಚೇತರಿಸಿಕೊಳ್ಳುತ್ತಿಲ್ಲ. ಇನ್ನೇನು ಮಾಡಲಿ?”

ಗುರು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಇಬ್ಬರು ಹೆಣ್ಣುಮಕ್ಕಳು. ಒಂದು ದಿನ ಆಲೆಮನೆಯಲ್ಲಿ ಹಿರಿಯಳಾದ ಮಾದೇವಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಳು. ಅವಳು ಇನ್ನೊಂದು ಕಬ್ಬಿಗೆಂದು ಅತ್ತ ತಿರುಗಿದಾಗ ತಂಗಿ ಚೆನ್ನಿಯ ಕೈ ಗಾಣಕ್ಕೆ ಸಿಕ್ಕಿತು.

ವೈದ್ಯ ಬಂದು ಮೂಳೆ ಕೂಡಿಸಿ ಹೊಲಿದ. ಗಾಯ ಮಾಯಿತು. ಇನ್ನು ಆ ಕೈಯನ್ನು ದಿನವೂ ಬಿಸಿನೀರಿನಲ್ಲಿಟ್ಟು ಬೆರಳು ಮಡಚಿ ಬಿಡಿಸಬೇಕಿತ್ತು. ಇಲ್ಲದಿದ್ದರೆ ಅದು ಮರಗಟ್ಟಿಹೋಗುತ್ತಿತ್ತು. ಚೆನ್ನಿ ಯಾರಿಗೂ ಕೈ ಕೊಡಲಿಲ್ಲ. ರೈತ ಮುದ್ದು ಮಾಡಿದ, ಗೊಂಬೆ ತಂದುಕೊಟ್ಟ, ಕೊನೆಗೆ ಗದರಿಸಿದ. ಅವಳು ಕೈಯನ್ನು ಸೆರಗಿನಂತೆ ಹೊದ್ದ ಬಟ್ಟೆಯೊಳಗೆ ಮುಚ್ಚಿಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು.

ವೈದ್ಯ ಅದನ್ನು ಗಮನಿಸಿದ. “ಯಾರ ದಾರಿ ನೋಡುತ್ತಿದ್ದೀಯವ್ವ?”

“ಅಕ್ಕಂದು. ನನ್ನ ಕೈ ನೋಡಿ ಹೆದರಿ ಹೊರಟುಹೋದಳಾ?”

ರೈತ ತಲೆ ತಗ್ಗಿಸಿದ. ಪೆಟ್ಟಾದ ದಿನವೇ ಅವನು ಸಿಟ್ಟಿನಲ್ಲಿ, “ಇವಳಿಗೆ ನಿನ್ನ ಮುಖ ತೋರಿಸಬೇಡ” ಎಂದು ಮಾದೇವಿಯನ್ನು ಅವಳ ಸೋದರತ್ತೆಯ ಮನೆಗೆ ಅಟ್ಟಿದ್ದ. ಅಲ್ಲಿ ಅವಳು ಸರಿಯಾಗಿ ಉಣ್ಣುತ್ತಿಲ್ಲ ಎಂದು ಹೇಳಿಕಳಿಸಿದ್ದರೂ ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈಗ ಅವನೇ ಹೋಗಿ ಮಗಳನ್ನು ಕರೆತಂದ. ಮಾದೇವಿ ಹೊಸ್ತಿಲಾಚೆಯೇ ನಿಂತಳು. ಒಳಗಿನಿಂದ ಚೆನ್ನಿ ಬಟ್ಟೆ ಸರಿಸಿ ಕೈ ಚಾಚಿದಳು. ಮಾದೇವಿ ಬಂದು ಆ ಕೈಯನ್ನು ಹಿಡಿದು ನೀರಿಗಿಳಿಸಿದಳು.

“ನೋಯುತ್ತದೆಯಾ?”

“ನೋಯುತ್ತದೆ. ನೀನು ಬಿಡಬೇಡ.”

ಅಂದಿನಿಂದ ಅಕ್ಕ ಬೆರಳು ಮಡಚುತ್ತಿದ್ದಳು, ತಂಗಿ ಒಮ್ಮೆ ಅಳುತ್ತಿದ್ದಳು, ಒಮ್ಮೆ ನಗುತ್ತಿದ್ದಳು. ರಾತ್ರಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಎರಡು ಬೆರಳು ಪೂರ್ತಿ ಮಡಚಲು ಬರಲೇ ಇಲ್ಲ. ಆದರೂ ಮುಂದಿನ ಕಬ್ಬು ಕಡಿಯುವ ಹೊತ್ತಿಗೆ ಚೆನ್ನಿ ಅಕ್ಕನ ಜಡೆಯನ್ನು, ಸೊಟ್ಟಗೆಯೇ ಆಗಲಿ, ತಾನೇ ಹೆಣೆಯುತ್ತಿದ್ದಳು. ರೈತ ಅದನ್ನು ನೋಡುತ್ತ ಕೂತಿರುತ್ತಿದ್ದ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. “ತಿಳಿಯಿತು ಗುರುಗಳೇ. ಪೆಟ್ಟಾದ ಮಗುವಿಗೆ ಅಕ್ಕನೇ ಔಷಧಿಯಾದಳು.”

ಗುರು ಕೇಳಿದರು: “ಆ ಮನೆಯಲ್ಲಿ ಪೆಟ್ಟಾಗಿದ್ದದ್ದು ಒಂದೇ ಮಗುವಿಗೇನು?”